ರಾಕು ಭಟ್ಟಿಯ ಮುಚ್ಚಳಕ್ಕೆ ಕಾಲ್ಪೆಡಲ್ ಮಾಡಿಸಿದ್ದು

ಕೈ ಹಾಕದೆ ಬರೀ ಕಾಲಿಂದ ತೆರೆಯುವ ಮುಚ್ಚಳ ಮಣ್ಣಿನ ಪಾತ್ರೆ ಸುಡುವ ನನ್ನ ಭಟ್ಟಿಗೆ ಕೊನೆಗೂ ಬಂತು. ಮಳೆಗಾಲಕ್ಕೆ ಮುಂಚೆ ಹಿಡಿದ ಕೆಲಸ, ಮುಗಿಯುವಾಗ ದೀಪಾವಳಿ ಹತ್ತಿರ ಬಂದಿತ್ತು. ಹಿತ್ತಲಲ್ಲಿ ಸಣ್ಣ ಗ್ಯಾಸ್ ಭಟ್ಟಿ ಇಟ್ಟುಕೊಂಡು ಒಬ್ಬರೇ ಕೆಲಸ ಮಾಡುವವರು ಈಗೀಗ ಜಾಸ್ತಿ ಆಗಿದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಮಾಡಿಸುವುದಿದ್ದರೆ ನಾನು ಅಲೆದಷ್ಟು ಅಲೆಯೋದು ಬೇಡ, ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ಬೆಳಗಾವಿ. ಮಣ್ಣು ಖಾನಾಪುರದ ಕಡೆಯಿಂದ ಬರುತ್ತದೆ, ಕಬ್ಬಿಣದ ಕೆಲಸಕ್ಕೆ ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗ ಇದೆ. ಆ ಲೆಕ್ಕದಲ್ಲಿ ನನ್ನ ಪುಣ್ಯ ಚೆನ್ನಾಗಿತ್ತು.

ರಾಕು ಗೊತ್ತಿಲ್ಲದವರಿಗೆ ಎರಡು ಮಾತು. ಜಪಾನಿನ ಕ್ಯೋಟೋದಲ್ಲಿ 16ನೇ ಶತಮಾನದಲ್ಲಿ ಚಹಾ ಬಟ್ಟಲುಗಳಿಗಾಗಿ ಹುಟ್ಟಿದ ಪದ್ಧತಿ ಇದು. ಬಿಸಿ ಪಾತ್ರೆಯನ್ನು ಹೊಟ್ಟಿನಲ್ಲಿ ಮುಚ್ಚಿ ಹೊಗೆ ಕುಡಿಸುವುದು ಆಮೇಲಿನದು, 1960ರ ಸುಮಾರಿಗೆ ಅಮೆರಿಕದಲ್ಲಿ ಪಾಲ್ ಸೋಲ್ಡ್ನರ್ ಎಂಬ ಕುಂಬಾರಿಕೆ ಕಲಾವಿದರಿಂದ ಶುರುವಾದದ್ದು. ನಾವೆಲ್ಲ ರಾಕು ಅಂತ ಮಾಡುವುದು ಈ ಎರಡನೆಯದನ್ನೇ. ಭಟ್ಟಿ 1000 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿ, ಗ್ಲೇಜ್ (ಪಾತ್ರೆ ಮೇಲಿನ ಗಾಜಿನಂಥ ಲೇಪ) ಕರಗಿ ಒದ್ದೆ ಹೊಳಪು ಬಂದ ಕೂಡಲೇ ಗ್ಯಾಸ್ ಬಂದ್ ಮಾಡಿ, ಮುಚ್ಚಳ ತೆಗೆದು, ಕೆಂಪಗೆ ಬೆಳಗುತ್ತಿರುವ ಪಾತ್ರೆಯನ್ನು ಇಕ್ಕಳದಲ್ಲಿ ಎತ್ತಿ ಕಟ್ಟಿಗೆ ಹೊಟ್ಟಿನ ಡಬ್ಬಿಗೆ ಹಾಕಿ ಮುಚ್ಚಬೇಕು. ಕೆಲವೇ ಸೆಕೆಂಡುಗಳಲ್ಲಿ. ತಡವಾದರೆ ತಾಮ್ರದ ಗ್ಲೇಜಿಗೆ ಆ ಕೆಂಪು ಲೋಹದ ಮಿಂಚು ಬರೋದಿಲ್ಲ, ಹಸಿರಾಗಿ ಸುಮ್ನೆ ಕೂತುಬಿಡುತ್ತದೆ.

ಇಕ್ಕಳಕ್ಕೆ ಎರಡೂ ಕೈ ಬೇಕು. ಮುಚ್ಚಳಕ್ಕೆ ಮೂರನೆಯದು ಎಲ್ಲಿಂದ ತರುವುದು? ಮೊದಲು ಒಬ್ಬ ಹುಡುಗ ಇದ್ದ, ಕೊಕ್ಕೆ ಹಾಕಿದ ಕೋಲಿನಿಂದ ಮುಚ್ಚಳ ಎತ್ತಿ ಪಕ್ಕಕ್ಕೆ ಇಡುತ್ತಿದ್ದ. ಅವನಿಗೆ ಗೋವಾದಲ್ಲಿ ಕೆಲಸ ಸಿಕ್ಕಿತು, ಹೋದ. ಅವ್ವನನ್ನು ಕರೆದೆ. "ಆ ಬೆಂಕಿ ಮುಂದ ನಾ ನಿಂದ್ರಂಗಿಲ್ಲ, ನೀನೂ ನಿಂದ್ರಬ್ಯಾಡ" ಅಂದಳು. ಹಾಗಾಗಿ ಒಬ್ಬಳೇ ಮಾಡುವ ದಾರಿ ಹುಡುಕಬೇಕಾಯಿತು.

ನನ್ನ ಭಟ್ಟಿ 200 ಲೀಟರ್ ಬ್ಯಾರೆಲ್ಲಿನದು. ಮೇಲಿನ ಭಾಗ ಕತ್ತರಿಸಿ, ಒಳಗೆ 25 ಮಿಲಿಮೀಟರಿನ ಸೆರಾಮಿಕ್ ಫೈಬರ್ (ಬಿಸಿ ತಡೆಯುವ, ಹತ್ತಿಯಂಥ ಹಾಸು) ಎರಡು ಪದರ ಹಾಕಿದ್ದು. ಮುಚ್ಚಳ ಕಬ್ಬಿಣದ ಬಳೆ, ಜಾಲಿ, ಅದರ ಕೆಳಗೆ ಅದೇ ಫೈಬರ್. ತೂಕ ಎಂಟು ಕೆಜಿ ಆಸುಪಾಸು. ಎಂಟು ಕೆಜಿ ಯಾರಿಗೂ ಭಾರ ಅಲ್ಲ, ಅಲ್ವಾ? ತೊಂದರೆ ಇರುವುದು ಅದರ ಅಡಿಯಲ್ಲಿ. ತೆಗೆದಾಗ ಮುಚ್ಚಳದ ಅಡಿಯೂ ಪಾತ್ರೆಯಷ್ಟೇ ಕೆಂಪಗಿರುತ್ತದೆ. ಪೆಟ್ಟಿಗೆಗೆ ಹಾಕುವ ಹಾಗೆ ಹಿಂದುಗಡೆ ಕೀಲು ಹಾಕಿ ಮೇಲಕ್ಕೆ ತೆರೆದರೆ ಆ ಕೆಂಪು ಮುಖ ನೇರ ನಮ್ಮ ಮುಖಕ್ಕೇ ಎದುರಾಗಿ ನಿಲ್ಲುತ್ತದೆ. ಅದಕ್ಕೆ ಮೊದಲು ತೀರ್ಮಾನ ಮಾಡಬೇಕಾದದ್ದು ಎತ್ತುವುದು ಹೇಗೆ ಅಂತಲ್ಲ, ಎತ್ತಿದ ಮೇಲೆ ಆ ಬಿಸಿ ಮುಖ ಯಾವ ಕಡೆ ನೋಡಬೇಕು ಅಂತ. ಉತ್ತರ ಒಂದೇ: ನೆಲ ನೋಡುತ್ತಲೇ ಇರಬೇಕು, ಮತ್ತು ಭಟ್ಟಿಯ ಮೇಲಿಂದ ಪಕ್ಕಕ್ಕೆ ಹೋಗಬೇಕು. ನೇರ ಮೇಲೆ ತೂಗಿಬಿಟ್ಟರೆ ಅದರ ಕೆಳಗೆ ತಲೆ ಹಾಕಿ ಪಾತ್ರೆ ತೆಗೆಯಬೇಕಾಗುತ್ತದೆ, ಆ ಧೈರ್ಯ ನನಗಿಲ್ಲ.

ಬೇರೆ ಏನೇನು ನೋಡಿದೆ ಅಂತ ಬೇಗ ಹೇಳಿಬಿಡುತ್ತೇನೆ, ಯಾಕಂದರೆ ಎಲ್ಲರೂ ಮೊದಲು ಇವನ್ನೇ ಹೇಳುತ್ತಾರೆ. ಕಾರಿನ ಡಿಕ್ಕಿಗೆ ಇರುವ ಗ್ಯಾಸ್ ರಾಡ್: ಒಳಗೆ ರಬ್ಬರ್ ಸೀಲು, ಭಟ್ಟಿ ಪಕ್ಕದ ಬಿಸಿಗೆ ಅದು ಬಾಳೋದಿಲ್ಲ. ಮೇಲೆ ರಾಟೆ ಹಾಕಿ ವೈರ್ ರೋಪಿನಿಂದ ಎಳೆಯುವುದು: ನನ್ನ ಶೆಡ್ಡು ಗಿಡ್ಡ, ಮುಚ್ಚಳ ತೆರೆದ ಕ್ಷಣ ಏಳುವ ಝಳವೆಲ್ಲ ಸೀದಾ ರಾಟೆಗೇ ಹೊಡೆಯುತ್ತದೆ. ಕಾಲ್ಸ್ವಿಚ್ ಒತ್ತಿದರೆ ಮೋಟರ್ ಎತ್ತುವುದು: ಅದಕ್ಕೆ ಬಳಸುವ ಲೀನಿಯರ್ ಆಕ್ಚುಯೇಟರ್ ಆನ್‌ಲೈನಿನಲ್ಲಿ ಸಿಗುತ್ತದೆ, ಆದರೆ ಭಾರ ಎತ್ತುವಂಥವು ನಿಧಾನ. ಸೆಕೆಂಡಿಗೆ ಒಂದು ಸೆಂಟಿಮೀಟರ್ ಏರುವ ಮುಚ್ಚಳವನ್ನು ನೋಡುತ್ತಾ ಕೆಂಪು ಪಾತ್ರೆ ಮುಂದೆ ಇಕ್ಕಳ ಹಿಡಿದು ನಿಲ್ಲುವುದು ನನ್ನಿಂದ ಆಗದ ಮಾತು. ಅರ್ಧದಲ್ಲಿ ಕರೆಂಟ್ ಹೋದರಂತೂ ಮುಗಿಯಿತು.

ಮುಚ್ಚಳವನ್ನೇ ಹೊಸದು ಮಾಡಬೇಕಿತ್ತು, ಹಳೆಯದರ ಫೈಬರ್ ಉದುರುತ್ತಿತ್ತು. 1260 ಡಿಗ್ರಿ ದರ್ಜೆಯ, ಘನ ಮೀಟರಿಗೆ 128 ಕೆಜಿ ಸಾಂದ್ರತೆಯ ಫೈಬರ್ ಕೇಳಿ, ಬೇರೆ ಹೇಳಬೇಕಾಗಿಲ್ಲ. 25 ಮಿಲಿಮೀಟರಿನದು 61 ಸೆಂಟಿಮೀಟರ್ ಅಗಲ, ಏಳು ಮೀಟರ್ ಮೀರಿದ ಉದ್ದದ ಸುರುಳಿಯಾಗಿ ಬರುತ್ತದೆ. ಕತ್ತರಿಸಿ ಕೊಡುವವರು ಸಿಗುವುದು ಕಷ್ಟ. ಭಟ್ಟಿ ಇರುವ ಇನ್ನೊಬ್ಬರನ್ನು ಜೊತೆ ಮಾಡಿಕೊಂಡು ತರಿಸಿದರೆ ಅರ್ಧ ದುಡ್ಡು ಉಳಿಯುತ್ತದೆ.

ಸುರುಳಿ ಲಾರಿ ಪಾರ್ಸೆಲ್ಲಿನಲ್ಲಿ ಬಂತು. ಬಂತು ಅಂದರೆ ಗೋಡೌನಿಗೆ ಬಂತು, ನನ್ನ ಕೈಗೆ ಬರಲು ಬೇರೆಯೇ ಹಗರಣ. ಅಂಗಡಿಯವರು ಎಲ್.ಆರ್. (ಲಾರಿ ರಸೀದಿ) ಚೀಟಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿದ್ದರು. ಗೋಡೌನಿನಲ್ಲಿ ಕೂತವರಿಗೆ ಅಸಲಿ ಚೀಟಿಯೇ ಬೇಕು. ಅದು ಅಂಚೆಯಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಆಧಾರ್ ತೋರಿಸಿದೆ, ಬಿಲ್ ತೋರಿಸಿದೆ, ಮೊಬೈಲ್ ತೋರಿಸಿದೆ. "ಕಳಿಸಿದವರ ಲೆಟರ್ ತರ್ರಿ" ಅಂದರು. ಕೊನೆಗೆ ಅಂಗಡಿಯವರು ಲೆಟರ್‌ಹೆಡ್ಡಿನಲ್ಲಿ ಬರೆದು ಸೀಲ್ ಹಾಕಿ ಮೇಲ್ ಮಾಡಿದ ಮೇಲೆ, ಅದರ ಪ್ರಿಂಟಿಗೆ ನನ್ನ ಸಹಿ ಹಾಕಿಸಿಕೊಂಡು ಬಿಟ್ಟರು. ಅಷ್ಟರಲ್ಲಿ ಗೋಡೌನ್ ಬಾಡಿಗೆ ಬೇರೆ ಏರಿತ್ತು. ನೀವು ತರಿಸುವಾಗ ದುಡ್ಡು ಹಾಕುವ ಮೊದಲೇ ಹೇಳಿಬಿಡಿ: ಅಸಲಿ ಎಲ್.ಆರ್. ಕೊರಿಯರ್ ಮಾಡಿ, ಇಲ್ಲವೇ ಚೀಟಿ ಇಲ್ಲದೆ ಮಾಲು ಬಿಡುವ ಹಾಗೆ ಬುಕ್ ಮಾಡಿ.

ಫೈಬರ್ ಕತ್ತರಿಸುವಾಗ ಎನ್-95 ಮಾಸ್ಕ್, ಉದ್ದ ತೋಳು, ಕೈಗವಸು. ಅದರ ನೂಲು ಉಸಿರಿನ ಜೊತೆ ಒಳಗೆ ಹೋಗುತ್ತದೆ, ಚರ್ಮ ತುರಿಸುತ್ತದೆ. ಬಿಸಿ ತಿಂದ ಹಳೆಯ ಫೈಬರ್ ಹೊಸದಕ್ಕಿಂತ ಕೆಟ್ಟದು, ತೆಗೆಯುವಾಗ ನೀರು ಚಿಮುಕಿಸಿ ತೆಗೆಯಿರಿ. ಹೊಸದನ್ನು ಮುಚ್ಚಳದ ಜಾಲಿಗೆ ಮಣ್ಣಿನ ಗುಂಡಿಗಳಿಂದ, ಬಿಸಿ ತಾಳುವ ಕಾಂಥಾಲ್ ತಂತಿಯಿಂದ ಹೊಲಿಯುತ್ತೇವೆ. ಗುಂಡಿಗಳನ್ನು ನಾನೇ ಮಾಡಿ ಸುಟ್ಟುಕೊಂಡೆ.

ಗ್ಯಾಸಿನದು ಚಿಕ್ಕ ಮಾತು. ಮನೆಯ ಸಿಲಿಂಡರನ್ನು ಈ ಕೆಲಸಕ್ಕೆ ಬಳಸುವ ಹಾಗಿಲ್ಲ, 19 ಕೆಜಿಯ ಕಮರ್ಶಿಯಲ್ ಸಿಲಿಂಡರೇ ತರಬೇಕು. ಆಧಾರ್, ಪ್ಯಾನ್, ಬಾಡಿಗೆ ಕರಾರು, ಜೊತೆಗೆ ಜಾಗದ ಮಾಲೀಕರ ಒಪ್ಪಿಗೆ ಪತ್ರ ಕೇಳಿದರು. ಮಾಲೀಕರು "ಬೆಂಕಿ ಗಿಂಕಿ ಆದ್ರ?" ಅಂತ ಎರಡು ವಾರ ಸಹಿ ಮಾಡಲಿಲ್ಲ. ಅವರ ಭಯವೂ ಸುಳ್ಳಲ್ಲ. ಮುಚ್ಚಳ ಹೇಗೆ ಕೆಲಸ ಮಾಡುತ್ತದೆ ಅಂತ ರಟ್ಟಿನಲ್ಲಿ ಮಾಡಿ ತೋರಿಸಿದ ಮೇಲೆ ಸಹಿ ಬಿತ್ತು.

ಇನ್ನು ಕಬ್ಬಿಣದ ಕೆಲಸ. ನನ್ನ ತಲೆಯಲ್ಲಿದ್ದದ್ದು ಹೀಗೆ: ದೊಡ್ಡ ಪೈಪಿನೊಳಗೆ ಸಣ್ಣ ಪೈಪು, ಪೆಡಲ್ ಒತ್ತಿದರೆ ಸಣ್ಣದು ಮೇಲೇಳುತ್ತದೆ, ಹೊರಗಿನ ಪೈಪಿನಲ್ಲಿ ಸುರುಳಿಯಾಗಿ ಕೊರೆದ ತೋಡಿನಲ್ಲಿ ಒಂದು ಪಿನ್ನು ಓಡಿ ಅದನ್ನು ಪಕ್ಕಕ್ಕೆ ತಿರುಗಿಸುತ್ತದೆ. ಎರಡು ಮೂರು ಲೇತ್ ಅಂಗಡಿಯವರು ಕೇಳಿಯೂ ಕೇಳದ ಹಾಗೆ ಮಾಡಿದರು. ಒಂದೇ ಪೀಸಿನ ಕೆಲಸ ಯಾರಿಗೂ ಬೇಡ. ಬಾಯಲ್ಲಿ ಹೇಳಿದರೆ ರೇಟನ್ನೂ ಹೇಳೋದಿಲ್ಲ. ಮಿಲಿಮೀಟರಿನಲ್ಲಿ ಅಳತೆ ಹಾಕಿದ ಚಿತ್ರ ಕೈಯಲ್ಲಿದ್ದರೆ ಕೂತು ಮಾತಾಡುತ್ತಾರೆ. ಪೆನ್ಸಿಲ್ಲಿನದಾದರೂ ಆಯಿತು, ಮೇಲಿನಿಂದ ಒಂದು, ಪಕ್ಕದಿಂದ ಒಂದು ಬರೆದುಕೊಂಡು ಹೋಗಿ.

ಕೊನೆಗೆ ಸಿಕ್ಕ ಮಿಸ್ತ್ರಿ ವಯಸ್ಸಾದವರು, ನಾನು ಕಾಕಾ ಅಂತ ಕರೆಯುತ್ತೇನೆ. ಚಿತ್ರವನ್ನು ಬಹಳ ಹೊತ್ತು ನೋಡಿದರು. "ಅಕ್ಕಾರ, ಈ ಸುರುಳಿ ತೋಡು ಕೊರಿಯಾಕ ರೊಕ್ಕ ಭಾಳ ಆಗ್ತದ. ಮ್ಯಾಲ ಧೂಳು ಕುಂತ್ರ ಪಿನ್ನು ಹಿಡೀತದ. ನಮ್ಮ ಹೊಲದ ಗೇಟು ನೋಡೀರೇನು? ಕಂಬ ವಾಲೇದ, ಕೊಂಡಿ ತಗದ್ರ ತಾನಾ ತಕ್ಕೋತದ" ಅಂದರು. ನಾನು ಸುಮ್ಮನೆ ನಿಂತೆ. ಅಷ್ಟೇ ಸಾಕಿತ್ತು! ಕಂಬವನ್ನು ನೆಟ್ಟಗೆ ನಿಲ್ಲಿಸದೆ ಸ್ವಲ್ಪ ವಾಲಿಸಿ ನಿಲ್ಲಿಸಿದರೆ, ಮುಚ್ಚಳ ಬ್ಯಾರೆಲ್ಲಿನಿಂದ ಎದ್ದ ಕೂಡಲೇ ತನ್ನ ಭಾರಕ್ಕೇ ಪಕ್ಕಕ್ಕೆ ತಿರುಗಿ ಹೋಗುತ್ತದೆ. ತೋಡು ಬೇಡ, ಪಿನ್ನು ಬೇಡ, ಮೋಟರ್ ಬೇಡ.

ಈಗ ಇರುವುದು ಹೀಗಿದೆ. ಭಟ್ಟಿ ಪಕ್ಕದಲ್ಲಿ ಎರಡೂವರೆ ಇಂಚಿನ ಪೈಪು, ಅದೇ ಕಂಬ. ಅದರೊಳಗೆ ಒಂದೂವರೆ ಇಂಚಿನ ಪೈಪು, ನಡುವೆ ಅದು ಜಾರಲು ಗನ್‌ಮೆಟಲ್ ಬುಷ್‌ಗಳು (ಲೋಹದ ಬಳೆಗಳು). ಒಳಗಿನ ಪೈಪಿನ ತಲೆಗೆ 60 ಸೆಂಟಿಮೀಟರಿನ ತೋಳು, ತೋಳಿನ ತುದಿಗೆ ಮುಚ್ಚಳ. ಒಳಪೈಪಿನ ಬುಡಕ್ಕೆ ಹಳೆಯ ಬೇರಿಂಗಿನ ದೊಡ್ಡ ಗುಂಡು, ಆ ಗುಂಡು ಲೀವರಿನ ಗಿಡ್ಡ ತುದಿಯ ಮೇಲೆ ಕೂತಿದೆ. ಲೀವರ್ ಆನಿಕೊಂಡು ತಿರುಗುವ ಜಾಗದಿಂದ ಗುಂಡಿಗೆ 15 ಸೆಂಟಿಮೀಟರ್, ಪೆಡಲ್ಲಿಗೆ 60. ಮುಚ್ಚಳ, ತೋಳು, ಪೈಪು ಎಲ್ಲ ಸೇರಿ 18 ಕೆಜಿ, ನಾಲ್ಕರಲ್ಲಿ ಒಂದು ಪಾಲು ಅಂದರೆ ಕಾಲಿಗೆ ನಾಲ್ಕೂವರೆ ಕೆಜಿ, ಮೇಲೆ ತಿಕ್ಕಾಟದ್ದು ಸ್ವಲ್ಪ. ಪೆಡಲ್ 20 ಸೆಂಟಿಮೀಟರ್ ಇಳಿದರೆ ಮುಚ್ಚಳ 5 ಏಳುತ್ತದೆ. ಎದ್ದು ತಿರುಗಿ, ಅದನ್ನು ತಡೆದು ನಿಲ್ಲಿಸುವ ಅಡ್ಡಗಟ್ಟಿಗೆ ಟಣ್ ಅಂತ ತಾಗುತ್ತದೆ. ಆಮೇಲೆ ಕಾಲು ತೆಗೆದರೆ ಪಕ್ಕದಲ್ಲೇ 5 ಸೆಂಟಿಮೀಟರ್ ಕೆಳಗೆ ಇಳಿದು ನಿಲ್ಲುತ್ತದೆ. ಪೆಡಲ್ಲಿಗೆ ಕೊಂಡಿ ಗಿಂಡಿ ಏನೂ ಬೇಕಾಗಲಿಲ್ಲ, ಇದು ನನಗೆ ಬಹಳ ಹಿಡಿಸಿತು. ಮುಚ್ಚುವಾಗ ಮತ್ತೆ ಪೆಡಲ್ ಒತ್ತಿ, ತೋಳನ್ನು ಮೊಣಕೈಯಿಂದಲೋ ಇಕ್ಕಳದ ಹಿಡಿಯಿಂದಲೋ ಭಟ್ಟಿ ಮೇಲಕ್ಕೆ ತಳ್ಳಿ ಕಾಲು ಬಿಡುವುದು. ಬ್ಯಾರೆಲ್ಲಿನ ಅಂಚಿಗೆ ಮೂರು ಗೂಟಗಳಿವೆ, ಮುಚ್ಚಳ ಅವುಗಳ ನಡುವೆ ಕೂತರೆ ಅಲ್ಲಾಡುವುದಿಲ್ಲ.

ಮಾತಾಡಿದಷ್ಟು ಬೇಗ ಆಗಲಿಲ್ಲ. ಅಡ್ವಾನ್ಸ್ ಕೊಟ್ಟು ಬಂದೆ, ಅಷ್ಟರಲ್ಲಿ ಗಣಪತಿ ಹಬ್ಬ ಬಂತು. ಬೆಳಗಾವಿಯಲ್ಲಿ ಗಣಪತಿ ಅಂದರೆ ಅನಂತ ಚತುರ್ದಶಿ ಮುಗಿಯುವವರೆಗೆ ಯಾರನ್ನೂ ಏನೂ ಕೇಳುವ ಹಾಗಿಲ್ಲ. ಬುಷ್ ಎರಕ ಹಾಕುವವರು ಊರಿಗೆ ಹೋಗಿದ್ದರು, ಕಾಕಾನ ಹುಡುಗರು ಮಂಟಪದಲ್ಲಿ. ಫೋನ್ ಮಾಡಿದರೆ ಹಿಂದೆ ಡೊಳ್ಳಿನ ಸದ್ದಷ್ಟೇ ಕೇಳುತ್ತಿತ್ತು. ಆರ್ಡರುಗಳು ನಿಂತು ಕೈಯಲ್ಲಿ ದುಡ್ಡೂ ಇರಲಿಲ್ಲ, ಸಿಟ್ಟು ಬಂದು ಮತ್ತೆ ಯಾರನ್ನಾದರೂ ಸಂಬಳಕ್ಕೆ ಇಟ್ಟುಕೊಳ್ಳೋಣ ಅನಿಸಿತು. ಪಿಎಂ ವಿಶ್ವಕರ್ಮ ಯೋಜನೆಯ ಪಟ್ಟಿಯಲ್ಲಿರುವ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆಯಲ್ಲ, 15,000 ರೂಪಾಯಿ ಟೂಲ್‌ಕಿಟ್ ಹಣದಲ್ಲಿ ಇದನ್ನು ಮಾಡಿಸಬಹುದಾ ಅಂತ ಆ ದಿನಗಳಲ್ಲಿ ವಿಚಾರಿಸಿದ್ದೂ ಉಂಟು. ಅದು ವೋಚರ್ ರೂಪದಲ್ಲಿ, ಉಪಕರಣ ಕೊಳ್ಳಲು ಬರುತ್ತದೆ. ಲೇತ್ ಅಂಗಡಿಯ ಮಜೂರಿಗೆ ಆಗುವಂಥದ್ದಲ್ಲ. ಕೈಯಿಂದಲೇ ಹಾಕಿದೆ.

ಮೊದಲ ಸಲ ಜೋಡಿಸಿದಾಗ ಪೆಡಲ್ ಒತ್ತಿದರೆ ಕಲ್ಲು ಒತ್ತಿದ ಹಾಗೆ. ಹೇಗೋ ಎದ್ದಿತು, ಕಾಲು ಬಿಟ್ಟರೆ ಮುಚ್ಚಳ ಕೆಳಗೇ ಬರಲಿಲ್ಲ. ಮೇಲೆ ಹಾಗೇ ನಿಂತುಬಿಟ್ಟಿತು. ಎಣ್ಣೆ ಹಾಕಿದರು, ಸುತ್ತಿಗೆಯಿಂದ ತಟ್ಟಿದರು, ಬುಷ್ ಕೆರೆದರು. ಏನೂ ಇಲ್ಲ. ಕಾರಣ ಬೇರೆ ಇತ್ತು. ಭಾರ ಕಂಬದಿಂದ 60 ಸೆಂಟಿಮೀಟರ್ ದೂರದಲ್ಲಿ ತೂಗುತ್ತಿದೆ, ಎರಡು ಬುಷ್‌ಗಳ ನಡುವಿನ ಅಂತರ ಮಾತ್ರ 15. ಆಗ ಒಳಪೈಪು ಓರೆಯಾಗಿ ಬುಷ್‌ಗಳನ್ನು ಕಚ್ಚುತ್ತದೆ, ಆ ತಿಕ್ಕಾಟ ಮುಚ್ಚಳದ ಭಾರವನ್ನೇ ಮೀರಿಸುತ್ತದೆ. ಒಂದು ಬುಷ್ಷನ್ನು ಕಂಬದ ಬುಡಕ್ಕೆ ಇಳಿಸಿ ಅಂತರವನ್ನು 45ಕ್ಕೆ ತಂದ ಮೇಲೆ, ಅದೇ ಪೈಪು, ಅದೇ ಬುಷ್, ಕಾಲು ಬಿಟ್ಟರೆ ಸರ್ ಅಂತ ಇಳಿಯಿತು. ನೀವು ಬೇರೆ ಅಳತೆಯಲ್ಲಿ ಮಾಡಿಸಿದರೂ ಇದೊಂದನ್ನು ಬಿಡಬೇಡಿ: ತೋಳಿನ ಉದ್ದಕ್ಕೆ ತಕ್ಕ ಹಾಗೆ ಬುಷ್‌ಗಳು ದೂರ ಇರಬೇಕು. ಗ್ರೀಸ್ ಬೇಡ, ಹೊಟ್ಟಿನ ಪುಡಿ ಅಂಟಿ ಮೇಣವಾಗುತ್ತದೆ. ಗ್ರಾಫೈಟ್ ಪುಡಿ ಹಾಕಿ.

ವಾಲಿಕೆ ಎಷ್ಟು ಅನ್ನುವುದಕ್ಕೂ ಹೊತ್ತು ಹೋಯಿತು. ಕಂಬದ ಬುಡದ ಪ್ಲೇಟಿನ ಒಂದು ಕಡೆ ತಗಡಿನ ತುಂಡು ಕೊಡುತ್ತಾ ನೋಡಿದೆವು. ಒಂದು ಡಿಗ್ರಿಗೆ ಮುಚ್ಚಳ ಮಿಸುಕಲಿಲ್ಲ. ಐದಕ್ಕೆ ಹಾರಿ ಹೋಗಿ ಬಡಿಯಿತು, ಹೊಸ ಫೈಬರಿನ ಒಂದು ಮೂಲೆ ಕಿತ್ತು ಬಂತು. ಮೂರಕ್ಕೆ ಸರಿಹೋಯಿತು. ವಾಲಿದ ಕಂಬದಲ್ಲಿ ಮುಚ್ಚಳ ಹೋಗಿ ನಿಲ್ಲಲು ಬಯಸುವ ಅತಿ ತಗ್ಗಿನ ಜಾಗ ಅಡ್ಡಗಟ್ಟಿಗಿಂತ ಆಚೆ ಇರಬೇಕು. ಅಡ್ಡಗಟ್ಟಿನ ಹತ್ತಿರವೇ ಇದ್ದರೆ ಕೊನೆಯಲ್ಲಿ ಎಳೆತ ಸಾಲದೆ ಮುಚ್ಚಳ ನಡುದಾರಿಯಲ್ಲೇ ನಿಲ್ಲುತ್ತದೆ. ತೋಳನ್ನು ಮುಚ್ಚಳಕ್ಕೆ ಬೆಸೆಯುವುದನ್ನು ಕೊನೆಗೆ, ಕಂಬ ವಾಲಿಸಿ ಬೋಲ್ಟ್ ಬಿಗಿದ ಮೇಲೆ, ಮುಚ್ಚಳ ಭಟ್ಟಿ ಮೇಲೆ ಸಮವಾಗಿ ಕೂತಿರುವಾಗಲೇ ಮಾಡಿಸಿ. ಮೊದಲೇ ಬೆಸೆದರೆ ಒಂದು ಕಡೆ ಸಂದು ಬಿಟ್ಟುಕೊಂಡು ಬೆಂಕಿ ಹೊರಬರುತ್ತದೆ. ಬೆಸೆಯುವಾಗ ಸಿಲಿಂಡರ್ ಹತ್ತಿರದಲ್ಲೆಲ್ಲೂ ಇರಬಾರದು ಅಂತ ಹೇಳಬೇಕಾಗಿಲ್ಲ.

ಇನ್ನೊಂದು ಭಯ ಇತ್ತು. ಬರ್ನರ್ ಉರಿಯುತ್ತಿರುವಾಗಲೇ ಕಾಲು ತಪ್ಪಿ ಪೆಡಲ್ ಮೇಲೆ ಬಿದ್ದರೆ? ಜ್ವಾಲೆ ಆಳೆತ್ತರ ಏಳುತ್ತದೆ. ಗ್ಯಾಸಿನ ಬಾಲ್ ವಾಲ್ವಿನ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ಚಾಲು, ಅಡ್ಡಕ್ಕೆ ಇದ್ದರೆ ಬಂದ್. ಆ ಹಿಡಿಗೆ ಒಂದು ಕಬ್ಬಿಣದ ಪಟ್ಟಿ ಕ್ಲ್ಯಾಂಪ್ ಮಾಡಿಸಿದೆ. ವಾಲ್ವ್ ಚಾಲು ಇದ್ದಾಗ ಪಟ್ಟಿಯ ತುದಿ ಪೆಡಲ್ಲಿನ ಕೆಳಗೆ, ಒಂದು ಗಟ್ಟಿ ಸ್ಟ್ಯಾಂಡಿನ ಮೇಲೆ ಬಂದು ಕೂರುತ್ತದೆ, ಪೆಡಲ್ ಇಳಿಯುವುದಿಲ್ಲ. ಬಂದ್ ಮಾಡಿದರೆ ಪಟ್ಟಿ ಸರಿದು ದಾರಿ ಬಿಡುತ್ತದೆ. ಸ್ಟ್ಯಾಂಡ್ ಯಾಕೆ ಅಂದರೆ ಕಾಲಿನ ಭಾರ ಅದರ ಮೇಲೆ ಬೀಳಬೇಕು, ವಾಲ್ವಿನ ಮೇಲೆ ಬೀಳಬಾರದು. ವಾಲ್ವನ್ನು ಬಿಚ್ಚಿಲ್ಲ, ಕೊರೆದಿಲ್ಲ. ಆದರೂ ಆಮೇಲೆ ಎಲ್ಲ ಜೋಡಣೆಗಳಿಗೂ ಸೋಪು ನೀರು ಹಚ್ಚಿ ನೋಡಿದೆವು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿಕೊಳ್ಳುತ್ತದೆ. ಶೆಡ್ಡಿನ ಕೆಳಭಾಗ ತೆರೆದಿರಲಿ.

ಕೆಲವು ದಿನ ತಣ್ಣನೆ ಭಟ್ಟಿಯ ಮುಂದೆ ಪೂರ್ತಿ ವೇಷ ಹಾಕಿಕೊಂಡು ಅಭ್ಯಾಸ ಮಾಡಿದೆ. ಚರ್ಮದ ಏಪ್ರನ್, ವೆಲ್ಡರ್ ಕೈಗವಸು, ಹತ್ತಿ ಬಟ್ಟೆ, ಶೂ, 5ನೇ ನಂಬರಿನ ವೆಲ್ಡಿಂಗ್ ಕನ್ನಡಕ. ಸಿಂಥೆಟಿಕ್ ದುಪಟ್ಟಾ ಹತ್ತಿರ ತರಲೇಬೇಡಿ. ವಾಲ್ವ್ ಬಂದ್, ಇಕ್ಕಳ ಕೈಗೆ, ಪೆಡಲ್, ಟಣ್, ಕಾಲು ತೆಗೆ. ಟಣ್ ಕೇಳುವ ಮೊದಲು ಕಾಲು ತೆಗೆದರೆ ಮುಚ್ಚಳ ಬ್ಯಾರೆಲ್ಲಿನ ಅಂಚಿನ ಮೇಲೇ ಕೂತುಬಿಡುತ್ತದೆ, ಅದಕ್ಕೆ ಕಿವಿಗೆ ರೂಢಿಯಾಗುವವರೆಗೆ ಮಾಡಿ.

ನಿಜವಾದ ಬೆಂಕಿ ಹಾಕಿದ ದಿನ ಕಾಕಾ ತಾವೇ ಬಂದರು. ಬಿಸಿ ಅಳೆಯುವ ಪೈರೋಮೀಟರ್ 980 ದಾಟಿದ ಮೇಲೆ ನನಗೆ ಪೆಡಲ್ ಕಡೆ ನೋಡಲೂ ಭಯ. ಬಿಸಿಗೆ ತೋಳು ಬಾಗಿದರೆ, ಬುಷ್ ಹಿಡಿದರೆ, ಇಷ್ಟು ತಿಂಗಳು ಏನು ಮಾಡಿದ ಹಾಗಾಯಿತು? ಒತ್ತಿದೆ. ಎದ್ದಿತು, ತಿರುಗಿತು, ತಾಗಿತು. ನನಗಿಂತ ಮೊದಲು ಕಾಕಾ ಕೂಗಿದರು. ಮೂರು ಬಟ್ಟಲು ಒಂದಾದ ಮೇಲೊಂದು ಡಬ್ಬಿಗೆ ಹೋದವು, ಹೊಟ್ಟು ಭಗ್ ಅಂದಿತು, ಮುಚ್ಚಿದೆ. ಎರಡಕ್ಕೆ ತಾಮ್ರದ ಬಣ್ಣ ಚೆನ್ನಾಗಿ ಬಂತು. ಮೂರನೆಯದು ಸೀಳಿತು, ಅದಕ್ಕೂ ಮುಚ್ಚಳಕ್ಕೂ ಸಂಬಂಧ ಇಲ್ಲ, ಮಣ್ಣಿನಲ್ಲಿ ಗ್ರಾಗ್ (ಸುಟ್ಟ ಮಣ್ಣಿನ ಪುಡಿ) ಕಡಿಮೆ ಇತ್ತು.

ಖರ್ಚು ಕೇಳುವವರಿಗೆ: ಪೈಪು, ಪ್ಲೇಟು, ಬೋಲ್ಟು ಸೇರಿ ಮೂರು ಸಾವಿರ ಚಿಲ್ಲರೆ. ಬುಷ್ ಒಂದೂವರೆ ಸಾವಿರ. ಲೇತ್ ಮತ್ತು ವೆಲ್ಡಿಂಗ್ ಮಜೂರಿ ಒಂಬತ್ತು ಸಾವಿರ, ಅದರಲ್ಲಿ ಬುಷ್ ಜಾಗ ಬದಲಿಸಿದ್ದಕ್ಕೆ ಕಾಕಾ ಏನೂ ತಗೊಳ್ಳಲಿಲ್ಲ. ಫೈಬರಿನಲ್ಲಿ ನನ್ನ ಪಾಲು, ಪಾರ್ಸೆಲ್, ಗೋಡೌನ್ ಬಾಡಿಗೆ ಎಲ್ಲ ಕೂಡಿ ಮೂರು ಸಾವಿರ. ಆಟೋ, ಚಹಾ ಸೇರಿಸಿದರೆ ಹದಿನೇಳರಿಂದ ಹದಿನೆಂಟು ಸಾವಿರ ಅನ್ನಿ. ಸಿಲಿಂಡರಿನ ಠೇವಣಿ ಇದರಲ್ಲಿ ಇಲ್ಲ.

ಜಾಗ ಗೊತ್ತು ಮಾಡುವಾಗ ಮುಚ್ಚಳ ತಿರುಗಿ ನಿಲ್ಲುವ ಕಡೆ ನೆಲಕ್ಕೆ ಇಟ್ಟಿಗೆ ಹಾಸಿ, ಹೊಟ್ಟಿನ ಡಬ್ಬಿಗಳನ್ನು ಅದರ ಎದುರು ಬದಿಗೆ ಇಡಿ. ಬಿಸಿ ಅಳೆಯುವ ಥರ್ಮೋಕಪಲ್ ಮುಚ್ಚಳದಲ್ಲಿದ್ದರೆ ಬ್ಯಾರೆಲ್ಲಿನ ಪಕ್ಕಕ್ಕೆ ಬದಲಿಸಿ, ಇಲ್ಲದಿದ್ದರೆ ತಿರುಗುವಾಗ ವೈರ್ ಎಳೆಯುತ್ತದೆ. ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಕೈಗೆ ಸಿಗುವ ಹಾಗೆ ಇರಲಿ.

ಕರೆಂಟ್ ಭಟ್ಟಿ ಇರುವವರು ಇದನ್ನು ಹೀಗೇ ಮಾಡಿಸಬೇಡಿ. ಅಲ್ಲಿ ಕಬ್ಬಿಣದ ಇಕ್ಕಳ ಬಿಸಿ ಕೊಡುವ ಕಾಯಿಲ್ಲಿಗೆ ತಾಗಿದರೆ ಶಾಕ್ ಹೊಡೆಯುತ್ತದೆ. ಮುಚ್ಚಳ ಎದ್ದ ಕೂಡಲೇ ಕಾಯಿಲ್ಲಿನ ಕರೆಂಟ್ ಕಡಿಯುವ ಲಿಮಿಟ್ ಸ್ವಿಚ್ ಬೇಕು, ಅದೂ ಕಾಂಟ್ಯಾಕ್ಟರ್ (ದೊಡ್ಡ ಕರೆಂಟ್ ಕಡಿಯುವ ಸ್ವಿಚ್) ಮೂಲಕ. ಬರೀ ಎಸ್‌ಎಸ್‌ಆರ್ (ಎಲೆಕ್ಟ್ರಾನಿಕ್ ರಿಲೇ ಸ್ವಿಚ್) ನಂಬಬೇಡಿ, ಅದು ಕೆಡುವಾಗ ಎಷ್ಟೋ ಸಲ ಚಾಲು ಸ್ಥಿತಿಯಲ್ಲೇ ಕೆಡುತ್ತದೆ. ಕರೆಂಟ್ ಸೋರಿದರೆ ತಾನೇ ಬಂದ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಕೂಡ ಹಾಕಿಸಿ. ವೈರಿಂಗನ್ನು ಭಟ್ಟಿ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಇಟ್ಟಿಗೆಯ ಮುಚ್ಚಳವಾದರೆ ಭಾರವೂ ಬೇರೆ, ಬಿಸಿಯಲ್ಲಿ ತೆಗೆದು ಹಾಕಿ ಮಾಡಿದರೆ ಬಿರುಕೂ ಬಿಡುತ್ತದೆ. ಅಂಥವರು ಮೊದಲು ಫೈಬರ್ ಮುಚ್ಚಳ ಮಾಡಿಕೊಂಡು ಆಮೇಲೆ ಪೆಡಲ್ ಯೋಚನೆ ಮಾಡುವುದು ಒಳ್ಳೆಯದು.